ಇಂಪ್ಲಾಂಟ್ ಪಾಠದಲ್ಲಿ ಡ್ರಿಲ್ ಕೊನೆಗಿರಲಿ

ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬದಲು ದವಡೆಯ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಬೇರು. ದಂತವೈದ್ಯ ಕಾಲೇಜಿನಲ್ಲಿ ಅದರ ಪಾಠ ಶುರುವಾಗುವ ದಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಒಂದೇ. "ಮೇಡಮ್, ನಮಗೂ ಇಂಪ್ಲಾಂಟ್ ಹಾಕೋಕೆ ಬಿಡ್ತೀರಾ?" ಆ ಆಸೆ ನನಗೆ ತುಂಬ ಇಷ್ಟ. ಕೈಯಲ್ಲಿ ಕೆಲಸ ಮಾಡಬೇಕು ಅನ್ನುವ ಹಂಬಲ ಇಲ್ಲದವರಿಗೆ ದಂತವೈದ್ಯ ವೃತ್ತಿಯಲ್ಲಿ ಖುಷಿ ಸಿಗುವುದು ಕಷ್ಟ. ಆದರೆ ಅವರಿಗೆ ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. "ಡಿಗ್ರಿ ಮುಗಿಸಿ ಕ್ಲಿನಿಕ್ಕಿನಲ್ಲಿ ಕೂತ ಮೇಲೆ ನಿಮ್ಮ ಕೈಗೆ ಮೊದಲು ಸಿಗೋ ಇಂಪ್ಲಾಂಟ್ ಯಾವುದು ಹೇಳಿ ನೋಡೋಣ."

ಬೇರೆ ಯಾರೋ ಎಂದೋ ಹಾಕಿದ ಇಂಪ್ಲಾಂಟ್ ಅದು. ಅದರ ಮೇಲೆ ಕೂರಿಸಿದ ಹಲ್ಲಿನಾಕಾರದ ಕ್ಯಾಪ್ ಅಲ್ಲಾಡುತ್ತಿದೆ ಎಂದು ಒಬ್ಬರು ಬರುತ್ತಾರೆ. ಹಲ್ಲುಜ್ಜುವಾಗ ಅಲ್ಲೊಂದೇ ಕಡೆ ರಕ್ತ ಬರುತ್ತದೆ ಎಂದು ಇನ್ನೊಬ್ಬರು. ಮೂರನೆಯವರ ಬಾಯಿಯಲ್ಲಿ ಇಂಪ್ಲಾಂಟೇ ಇರುವುದಿಲ್ಲ. "ನನಗೆ ಇದು ಆಗುತ್ತಾ ಡಾಕ್ಟ್ರೇ, ಇಲ್ಲ ಹಲ್ಲಿನ ಸೆಟ್ಟೇ ಸಾಕಾ?" ಎಂದು ಕೇಳಲು ಬಂದಿರುತ್ತಾರೆ. ಈ ಮೂವರಲ್ಲಿ ಯಾರಿಗೂ ಅವತ್ತು ಡ್ರಿಲ್ ಬೇಕಾಗಿಲ್ಲ. ಮೂವರಿಗೂ ಬೇಕಾಗಿರುವುದು ಇಂಪ್ಲಾಂಟ್ ಅಂದರೆ ಏನು ಎಂದು ಚೆನ್ನಾಗಿ ತಿಳಿದ ಒಬ್ಬ ಡಾಕ್ಟರ್.

ಪದವಿ ವಿದ್ಯಾರ್ಥಿಗಳಿಗೆ ಕಲಿಸುವಾಗ ನನ್ನ ಲೆಕ್ಕಾಚಾರ ಇಲ್ಲಿಂದಲೇ ಶುರುವಾಗುತ್ತದೆ. ಎಲ್ಲರೂ ಇಂಪ್ಲಾಂಟ್ ಹಾಕುವುದಿಲ್ಲ. ಆದರೆ ಎಲ್ಲರೂ ಇಂಪ್ಲಾಂಟ್ ನೋಡುತ್ತಾರೆ, ಅದರ ಬಗ್ಗೆ ಮಾತಾಡುತ್ತಾರೆ, ಅದನ್ನು ಕಾಪಾಡುತ್ತಾರೆ ಅಥವಾ ಗೊತ್ತಿಲ್ಲದೆ ಹಾಳಾಗಲು ಬಿಡುತ್ತಾರೆ.

"ಪದವಿಯಲ್ಲಿ ಇಷ್ಟೆಲ್ಲ ಯಾಕೆ? ಪಿಜಿಯಲ್ಲಿ ಕಲಿತರೆ ಸಾಲದಾ?" ಎಂದು ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಕೇಳುತ್ತಾರೆ. ಒಂದು ಕಾಲದಲ್ಲಿ ಅದು ಸರಿಯಾದ ಮಾತೇ. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂನ ಪುಟ್ಟ ಸಾಧನ ಕೂರಿಸಿದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಹಿಡಿದುಕೊಂಡಿತ್ತು. 1965ರಲ್ಲಿ ಗೋಸ್ತಾ ಲಾರ್ಸನ್ ಎಂಬ ರೋಗಿಯ ಕೆಳದವಡೆಗೆ ಅವರು ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ನಲವತ್ತು ವರ್ಷಕ್ಕೂ ಜಾಸ್ತಿ, ಅವುಗಳನ್ನೇ ಬಳಸಿದರು. ಇಷ್ಟಾದರೂ ಹೊರಗಿನ ದಂತವೈದ್ಯ ಜಗತ್ತು ಇದನ್ನು ಮನಸಾರೆ ಒಪ್ಪಿದ್ದು 1982ರ ಟೊರೊಂಟೊ ಸಮ್ಮೇಳನದ ನಂತರ. ಆಗ ಇಂಪ್ಲಾಂಟ್ ಕೆಲವೇ ತಜ್ಞರ ಕೆಲಸವಾಗಿತ್ತು. ವಿದ್ಯಾರ್ಥಿಗೆ ಒಂದು ಲೆಕ್ಚರ್ ಕೊಟ್ಟರೆ ಸಾಕಾಗುತ್ತಿತ್ತು.

ಈಗ ಹಾಗಿಲ್ಲ. 2002ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಎರಡು ಇಂಪ್ಲಾಂಟ್ ಮೇಲೆ ಕೂರುವ ಸೆಟ್ಟು ಮೊದಲ ಆಯ್ಕೆಯಾಗಬೇಕು ಎಂದು ಒಮ್ಮತಕ್ಕೆ ಬಂದರು. 2008ರಲ್ಲಿ ಪ್ರಾಗ್‌ನಲ್ಲಿ, ಆಮೇಲೆ 2013ರಲ್ಲಿ ಬುಡಾಪೆಸ್ಟ್‌ನಲ್ಲಿ ಯುರೋಪಿನ ದಂತ ಶಿಕ್ಷಕರು ಸೇರಿ, ವಿಶ್ವವಿದ್ಯಾಲಯಗಳಲ್ಲಿ ಇಂಪ್ಲಾಂಟ್ ಹೇಗೆ ಕಲಿಸಬೇಕು ಎಂದೇ ಚರ್ಚೆ ಮಾಡಿದರು. ಪದವಿಯಲ್ಲೇ ಇದು ಪಾಠದ ಭಾಗವಾಗಬೇಕು ಎಂಬುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ನನಗೂ ಇಲ್ಲ. ರೋಗಿಗೆ ಎಲ್ಲ ದಾರಿಗಳನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು ಎನ್ನುತ್ತೇವೆ. ಡಾಕ್ಟರಿಗೇ ಒಂದು ದಾರಿ ಗೊತ್ತಿಲ್ಲದಿದ್ದರೆ ಆ ಒಪ್ಪಿಗೆಗೆ ಬೆಲೆ ಎಲ್ಲಿದೆ?

ನನ್ನ ಮೊದಲ ಕ್ಲಾಸಿನಲ್ಲಿ ಇಂಪ್ಲಾಂಟ್ ತೋರಿಸುವುದೇ ಇಲ್ಲ. ಒಂದು ಹಲ್ಲು ಹೋದ ಬಾಯಿಯ ಪ್ಲಾಸ್ಟರ್ ಮಾಡೆಲ್, ಎಕ್ಸ್‌ರೇ, ರೋಗಿಯ ವಯಸ್ಸು, ಕಾಯಿಲೆ, ಔಷಧಿಗಳ ವಿವರ ಮೇಜಿನ ಮೇಲಿಡುತ್ತೇನೆ. "ಏನು ಮಾಡ್ತೀರಿ?" ಎಂದು ಕೇಳಿ ಸುಮ್ಮನಾಗುತ್ತೇನೆ. ಮೊದಲ ಐದು ನಿಮಿಷ ಎಲ್ಲರೂ ಇಂಪ್ಲಾಂಟ್ ಎನ್ನುತ್ತಾರೆ. ಆಮೇಲೆ ಒಬ್ಬರು ಬ್ರಿಡ್ಜ್ ಎನ್ನುತ್ತಾರೆ, ಅಂದರೆ ಅಕ್ಕಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ ನಡುವೆ ಕೃತಕ ಹಲ್ಲು ನಿಲ್ಲಿಸುವುದು. ಪಕ್ಕದ ಎರಡೂ ಹಲ್ಲಿಗೆ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜೇ ಒಳ್ಳೆಯದಲ್ವಾ ಎಂದು ಇನ್ನೊಬ್ಬರು ಸೇರಿಸುತ್ತಾರೆ. "ಏನೂ ಮಾಡದೆ ಹಾಗೇ ಬಿಡಬಹುದು" ಎನ್ನುವ ಉತ್ತರ ಬರಲು ಮಾತ್ರ ತುಂಬ ಹೊತ್ತು ಬೇಕು. ಕೊನೆಯ ದವಡೆ ಹಲ್ಲು ಹೋಗಿದೆ, ಎದುರಿಗೂ ಹಲ್ಲಿಲ್ಲ, ರೋಗಿಗೆ ಅಗಿಯಲು ಕಷ್ಟವಿಲ್ಲ. ಅಲ್ಲಿ ಯಾಕೆ ಏನಾದರೂ ಮಾಡಬೇಕು? ಡಚ್ ದಂತವೈದ್ಯ ಕೈಸರ್ 1980ರ ದಶಕದಲ್ಲೇ ಹಿಂದಿನ ಕೆಲವು ದವಡೆ ಹಲ್ಲುಗಳಿಲ್ಲದೆಯೂ ಬಾಯಿ ಚೆನ್ನಾಗಿ ಕೆಲಸ ಮಾಡಬಲ್ಲದು ಎಂದು ತೋರಿಸಿದ್ದರು. ಖಾಲಿ ಜಾಗ ಕಂಡ ತಕ್ಷಣ ತುಂಬಬೇಕು ಎನ್ನುವ ಆತುರ ನಮ್ಮ ವೃತ್ತಿಗೆ ಅಂಟಿಕೊಂಡಿದೆ. ಅದನ್ನು ಬಿಡಿಸಬೇಕಾದರೆ ಕಾಲೇಜಿನಲ್ಲೇ ಬಿಡಿಸಬೇಕು.

ಎರಡನೆಯ ಪಾಠ ನನಗೆ ಎಲ್ಲಕ್ಕಿಂತ ಪ್ರೀತಿಯದು. ಹಲ್ಲಿಗೂ ಮೂಳೆಗೂ ನಡುವೆ ಒಂದು ತೆಳು ಪದರ ಇದೆ, ಪೆರಿಯೊಡಾಂಟಲ್ ಲಿಗಮೆಂಟ್. ದಪ್ಪ 0.2 ಮಿಲಿಮೀಟರ್ ಆಸುಪಾಸು. ಇಂಪ್ಲಾಂಟಿಗೆ ಅದು ಇಲ್ಲ. ಮೂಳೆ ನೇರವಾಗಿ ಟೈಟಾನಿಯಂಗೆ ಅಂಟಿಕೊಂಡಿರುತ್ತದೆ. ಇದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ವೈವಾದಲ್ಲಿ ಕೇಳಿದರೆ ತಡವರಿಸದೆ ಹೇಳುತ್ತಾರೆ. ಆದರೆ ಈ ಒಂದೇ ವಿಷಯದಿಂದ ಎಷ್ಟೆಲ್ಲ ಹುಟ್ಟುತ್ತದೆ ಎಂದು ಕೂತು ಯೋಚಿಸಿರುವುದಿಲ್ಲ. ಅದಕ್ಕೇ ಇಡೀ ಕ್ಲಾಸನ್ನು ಅದರ ಮೇಲೇ ಕಳೆಯುತ್ತೇನೆ.

ಶಿಮ್‌ಸ್ಟಾಕ್ ಎಂಬ ತೆಳು ಹಾಳೆ ಇದೆ, ಸುಮಾರು 8 ಮೈಕ್ರಾನ್ ದಪ್ಪ. ಅದರ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು, ಹಲ್ಲಿನ ನಡುವೆ ಇಟ್ಟು, ಒಬ್ಬರಿಗೆ ಮೆಲ್ಲಗೆ ಕಚ್ಚಲು ಹೇಳುತ್ತೇನೆ. ಸಹಜ ಹಲ್ಲಿನಲ್ಲಿ ಎಳೆದರೆ ಹಾಳೆ ಬರುವುದಿಲ್ಲ. ಇಂಪ್ಲಾಂಟ್ ಇರುವ ರೋಗಿ ಬಂದಾಗ ಅದೇ ಪರೀಕ್ಷೆ. ಮೆಲ್ಲಗೆ ಕಚ್ಚಿದಾಗ ಇಂಪ್ಲಾಂಟ್ ಕ್ಯಾಪಿನ ಮೇಲಿನ ಹಾಳೆ ಜಾರಿ ಬರುತ್ತದೆ, ಗಟ್ಟಿಯಾಗಿ ಕಚ್ಚಿದಾಗ ಹಿಡಿದುಕೊಳ್ಳುತ್ತದೆ. "ಎತ್ತರ ಕಡಿಮೆ ಆಗಿದೆ ಮೇಡಮ್" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಜೋರಾಗಿ ಕಚ್ಚಿದಾಗ ಸಹಜ ಹಲ್ಲು ಲಿಗಮೆಂಟಿನ ಆಸರೆಯಲ್ಲಿ ಸ್ವಲ್ಪ ಕೆಳಗೆ ಒತ್ತಿಕೊಳ್ಳುತ್ತದೆ, ಹತ್ತಾರು ಮೈಕ್ರಾನ್. ಇಂಪ್ಲಾಂಟ್ ಕೆಲವೇ ಮೈಕ್ರಾನ್ ಕದಲುತ್ತದೆ. ಎರಡನ್ನೂ ಒಂದೇ ಎತ್ತರಕ್ಕೆ ಇಟ್ಟರೆ ಪೂರ್ತಿ ಭಾರ ಇಂಪ್ಲಾಂಟ್ ಮೇಲೆ ಬೀಳುತ್ತದೆ. ಹಾಳೆ ಕೈಯಲ್ಲಿ ಜಾರಿ ಬರುವುದನ್ನು ಒಮ್ಮೆ ಅನುಭವಿಸಿದವರಿಗೆ ಇದನ್ನು ಮತ್ತೆ ಹೇಳಬೇಕಾಗಿಲ್ಲ.

ಆಮೇಲೆ ಒಂದೊಂದಾಗಿ ಬಿಡಿಸುತ್ತಾ ಹೋಗುತ್ತೇವೆ. ಹದಿನಾಲ್ಕು ವರ್ಷದ ಹುಡುಗಿಗೆ ಮೇಲಿನ ಒಂದು ಮುಂಭಾಗದ ಹಲ್ಲು ಹುಟ್ಟಿನಿಂದಲೇ ಇಲ್ಲ. ಇಂಪ್ಲಾಂಟ್ ಹಾಕಬಹುದಾ? ದವಡೆ ಬೆಳೆಯುತ್ತಾ ಪಕ್ಕದ ಹಲ್ಲುಗಳು ಕೆಳಗಿಳಿಯುತ್ತವೆ. ಇಂಪ್ಲಾಂಟ್ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದನ್ನು ಮೂಳೆಯೊಳಗೆ ಸರಿಸಲು ಲಿಗಮೆಂಟ್ ಇಲ್ಲ. ಕೆಲವು ವರ್ಷಗಳಲ್ಲಿ ಆ ಹಲ್ಲು ಗಿಡ್ಡವಾಗಿ ಕಾಣುತ್ತದೆ. ಹಾಗಾಗಿ ಕಾಯಬೇಕು. ಕ್ಲಿಪ್ ಹಾಕಿ ಇಂಪ್ಲಾಂಟನ್ನು ಎಳೆಯಬಹುದಾ? ಆಗದು, ಅದೇ ಕಾರಣ. ಇಂಪ್ಲಾಂಟಿಗೆ ನೋವು ಬರುತ್ತಾ? ಹಲ್ಲಿನ ಹಾಗೆ ಎಚ್ಚರಿಸುವ ನರಗಳು ಅಲ್ಲಿಲ್ಲ, ತೊಂದರೆ ಜಾಸ್ತಿ ಆಗುವವರೆಗೆ ರೋಗಿಗೆ ಗೊತ್ತೇ ಆಗದಿರಬಹುದು. ಒಸಡಿನ ನಾರುಗಳು ಹಲ್ಲಿನ ಬೇರಿಗೆ ಬಿಗಿಯಾಗಿ ನಾಟಿಕೊಂಡಿರುತ್ತವೆ. ಇಂಪ್ಲಾಂಟ್ ಸುತ್ತ ಅವು ಸುಮ್ನೆ ಪಕ್ಕದಲ್ಲಿ ಹಾದುಹೋಗುತ್ತವೆ. ಅದಕ್ಕೇ ಅಲ್ಲಿ ಸೋಂಕು ಬೇಗ ಆಳಕ್ಕೆ ಇಳಿಯುತ್ತದೆ. ಹೀಗೆ ಒಂದೇ ಎಳೆ ಹಿಡಿದು ಎಳೆದರೆ ಅರ್ಧ ಸಿಲಬಸ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನು ಪ್ಲಾನಿಂಗ್. ಇಂಪ್ಲಾಂಟ್ ಎಲ್ಲಿ ಹಾಕಬೇಕು ಎಂದು ಮೂಳೆಯನ್ನು ಮಾತ್ರ ಕೇಳಬಾರದು, ಹಲ್ಲನ್ನು ಕೇಳಬೇಕು. ಮೊದಲು ಮಾಡೆಲ್ ಮೇಲೆ ಮೇಣದಲ್ಲಿ ಹಲ್ಲು ಮಾಡಿಸುತ್ತೇನೆ. ಅದು ಚೆನ್ನಾಗಿ ಬಂದ ಮೇಲೆ ಅದರ ಮೇಲೆ ಸ್ಟೆಂಟ್, ಅಂದರೆ ಡ್ರಿಲ್ಲಿಗೆ ದಾರಿ ತೋರಿಸುವ ಪಾರದರ್ಶಕ ಅಚ್ಚು, ಒತ್ತುತ್ತಾರೆ. ಕ್ಯಾಪನ್ನು ಇಂಪ್ಲಾಂಟಿಗೆ ಬಿಗಿಯುವ ಸ್ಕ್ರೂ ಎಲ್ಲಿ ಹೊರಬರಬೇಕೋ ಅಲ್ಲಿ ತೂತು. ಮುಂಭಾಗದ ಹಲ್ಲಿಗೆ ಹಿಂಬದಿಯ ಉಬ್ಬಿನಲ್ಲಿ, ದವಡೆ ಹಲ್ಲಿಗೆ ಅಗಿಯುವ ಮೇಲ್ಮೈಯ ನಡುವೆ. ಆ ತೂತಿನಿಂದ ಕೆಳಗೆ ಒಂದು ಗೆರೆ ಎಳೆದು, ಅಲ್ಲಿ ಮೂಳೆ ಇದೆಯಾ ಎಂದು ಸ್ಕ್ಯಾನಿನಲ್ಲಿ ನೋಡಬೇಕು. ಮೂಳೆ ಇಲ್ಲದಿದ್ದರೆ ಮೂಳೆ ಕಟ್ಟುವುದೋ, ಪ್ಲಾನ್ ಬದಲಿಸುವುದೋ ಎನ್ನುವುದು ಮುಂದಿನ ಮಾತು. ಹಲ್ಲು ಕಿತ್ತ ಮೇಲೆ ಮೊದಲ ಒಂದು ವರ್ಷದಲ್ಲೇ ಮೂಳೆಯ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು, ಅದರಲ್ಲೂ ಜಾಸ್ತಿ ಭಾಗ ಮೊದಲ ಮೂರು ತಿಂಗಳಲ್ಲೇ. ಹಲ್ಲು ಕೀಳುವ ದಿನವೇ ಮುಂದೇನು ಎಂದು ಯೋಚಿಸಬೇಕು ಎನ್ನುವುದು ಇದಕ್ಕೇ. ಹಲ್ಲು ಕೀಳುವುದು ಪದವಿ ವಿದ್ಯಾರ್ಥಿಯ ದಿನನಿತ್ಯದ ಕೆಲಸ. ಹೊರಬದಿಯ ತೆಳು ಮೂಳೆ ಮುರಿಯದಂತೆ, ನಿಧಾನವಾಗಿ ಕೀಳುವುದೇ ಅವರು ಕಲಿಯುವ ಮೊದಲ ಇಂಪ್ಲಾಂಟ್ ಕೌಶಲ ಎಂದು ನಾನು ನಂಬಿದ್ದೇನೆ.

ಅಂತರದ ಸಂಖ್ಯೆಗಳನ್ನು ಎಲ್ಲರೂ ಕಲಿಯುತ್ತಾರೆ. ಪಕ್ಕದ ಹಲ್ಲಿನಿಂದ 1.5 ಮಿಲಿಮೀಟರ್, ಎರಡು ಇಂಪ್ಲಾಂಟ್ ನಡುವೆ 3, ಕೆಳದವಡೆಯ ನರದ ಕಾಲುವೆಯಿಂದ 2. ಇವು ಪರೀಕ್ಷೆಗೆ ಸಾಕು, ಕೈಗೆ ಸಾಲದು. ಅದಕ್ಕೆ ಒಣಗಿದ ಕೆಳದವಡೆಯ ಮೂಳೆಯನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಒಳಬದಿಯಲ್ಲಿ ಬೆರಳಾಡಿಸಲು ಹೇಳುತ್ತೇನೆ. ಹಿಂಬದಿಯ ಹಲ್ಲುಗಳ ಕೆಳಗೆ ಮೂಳೆ ಒಂದು ಏಣಿನಿಂದ ಕೆಳಕ್ಕೆ ಒಳಗೆ ತಗ್ಗಿಕೊಂಡಿದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಆ ತಗ್ಗು ಕಾಣುವುದಿಲ್ಲ. ಅಲ್ಲಿ ಡ್ರಿಲ್ ನಾಲಿಗೆ ಕಡೆಗೆ ಮೂಳೆ ದಾಟಿ ಹೋದರೆ, ನಾಲಿಗೆ ಕೆಳಗಿನ ರಕ್ತನಾಳಕ್ಕೆ ಪೆಟ್ಟಾಗಿ ಬಾಯಿಯ ತಳ ಊದಿಕೊಂಡು, ಉಸಿರಾಟವೇ ಕಟ್ಟುವ ಅಪಾಯ ಇದೆ. ಇದನ್ನು ಹೇಳುವಾಗ ಕ್ಲಾಸಿನಲ್ಲಿ ಸದ್ದಿರುವುದಿಲ್ಲ. ಹೆದರಿಸಲು ಹೇಳುವುದಲ್ಲ. ಅನಾಟಮಿ ಮೊದಲ ವರ್ಷಕ್ಕೆ ಮುಗಿದುಹೋದ ವಿಷಯ ಎಂದು ಯಾರಿಗೂ ಅನಿಸಬಾರದು, ಅಷ್ಟೇ.

ಇಷ್ಟಾದ ಮೇಲೆ ಡ್ರಿಲ್. ರೋಗಿಯ ಮೇಲಲ್ಲ, ಫ್ಯಾಂಟಮ್ ಎಂಬ ಅಭ್ಯಾಸದ ಗೊಂಬೆ ತಲೆಗೆ ಕೂರಿಸಿದ ಪ್ಲಾಸ್ಟಿಕ್ ದವಡೆಯ ಮೇಲೆ. ರಬ್ಬರ್ ಕೆನ್ನೆ ಇರಲೇಬೇಕು. ಬರಿಯ ದವಡೆಯನ್ನು ಮೇಜಿನ ಮೇಲಿಟ್ಟು ತೂತು ಕೊರೆದರೆ ಎಲ್ಲರೂ ನಿಪುಣರೇ. ಕೆನ್ನೆ ಅಡ್ಡ ಬಂದಾಗ, ಎದುರಿನ ಹಲ್ಲು ಹ್ಯಾಂಡ್‌ಪೀಸಿಗೆ ತಾಗಿದಾಗ, ಸಲೈನ್ ನೀರು ತುಂಬಿ ಕನ್ನಡಿ ಮಂಜಾದಾಗ ನಿಜವಾದ ಕಲಿಕೆ ಶುರು. ಡ್ರಿಲ್ ಒತ್ತಿ ಹಿಡಿಯಬಾರದು, ಮೇಲೆ ಕೆಳಗೆ ಆಡಿಸುತ್ತಾ ಇರಬೇಕು, ನೀರು ತುದಿಯವರೆಗೆ ತಲುಪಬೇಕು. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳಲ್ಲಿ ತೋರಿಸಿದಂತೆ 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೆ ಸಾಕು, ಮೂಳೆಗೆ ಹಾನಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಇಡೀ ಲ್ಯಾಬಿಗೆ ಗೊತ್ತಾಗುತ್ತದೆ, ಯಾರದ್ದು ಎಂದು ಎಲ್ಲರೂ ತಿರುಗಿ ನೋಡುತ್ತಾರೆ. ನಿಜವಾದ ಮೂಳೆ ಹಾಗೆ ಬೇಗ ಸುಳಿವು ಕೊಡುವುದಿಲ್ಲ ಎಂದು ಆಗ ಹೇಳುತ್ತೇನೆ.

ಒಬ್ಬ ಹುಡುಗ ನೆನಪಿಗೆ ಬರುತ್ತಾನೆ. ಕೈ ತುಂಬ ಸ್ಥಿರ, ಕೆಲಸ ಅಚ್ಚುಕಟ್ಟು. ಕೆಳಗಿನ ಮೊದಲ ದವಡೆ ಹಲ್ಲಿನ ಜಾಗದಲ್ಲಿ 2 ಮಿಲಿಮೀಟರ್ ಡ್ರಿಲ್ ಇಳಿಸಿ, ದಿಕ್ಕು ನೋಡುವ ಪಿನ್ ನಿಲ್ಲಿಸಿ ನನ್ನನ್ನು ಕರೆದ. ಅವನು ಕೂತಿದ್ದು ಪಕ್ಕದಲ್ಲಿ. ಅಲ್ಲಿಂದ ನೋಡಿದರೆ ಪಿನ್ ಅಕ್ಕಪಕ್ಕದ ಹಲ್ಲುಗಳಿಗೆ ಸರಿಯಾಗಿ ಸಮಾನಾಂತರ. "ಎದ್ದು ಬಾ, ಬಾಯಿಯ ಮುಂದೆ ನಿಂತು ನೋಡಪ್ಪಾ" ಅಂದೆ. ಬಂದು ನೋಡಿದ. ಮುಂದಿನಿಂದ ಪಿನ್ನಿನ ತಲೆ ಕೆನ್ನೆಯ ಕಡೆ ವಾಲಿತ್ತು. ಅಂದರೆ ಮೂಳೆಯೊಳಗೆ ತುದಿ ನಾಲಿಗೆಯ ಕಡೆ ಹೋಗುತ್ತಿದೆ. "ಸ್ವಲ್ಪ ಅಷ್ಟೇ ಮೇಡಮ್" ಅಂದ. ತಡೆಯಲಿಲ್ಲ, ಅದೇ ದಿಕ್ಕಿನಲ್ಲಿ ಪೂರ್ತಿ ಮಾಡಲು ಬಿಟ್ಟೆ. ಇಂಪ್ಲಾಂಟ್ ಕೂತಿತು, 35 ನ್ಯೂಟನ್ ಸೆಂಟಿಮೀಟರ್ ಬಿಗಿತ ಬಂತು, ಮೇಲಿನಿಂದ ಎಲ್ಲ ಸುಂದರ.

ಆಮೇಲೆ ಇಂಪ್ಲಾಂಟ್ ಬಿಚ್ಚಿ ತೆಗೆದು, ತೂತಿನ ನಡುವೆ ಸರಿಯಾಗಿ ಗರಗಸ ಹಾಕಿ ಆ ದವಡೆಯನ್ನು ಎರಡು ಹೋಳು ಮಾಡಿದೆವು. ತೂತಿನ ತುದಿ ಒಳಬದಿಯ ತಗ್ಗಿನಲ್ಲಿ ಹೊರಗೆ ಬಂದಿತ್ತು. ಬೆರಳ ತುದಿ ಇಟ್ಟರೆ ಅಂಚು ತಾಗುತ್ತಿತ್ತು. ಅವನು ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಡ್ರಿಲ್ಲಿನ ಆಳದ ಗುರುತನ್ನು ಅಳೆದು, "ಗುರುತಿಗಿಂತ ತುದಿ ಇನ್ನೂ ಮುಂದಿದೆಯಲ್ಲ ಮೇಡಮ್" ಎಂದು ತಾನೇ ಕಂಡುಹಿಡಿದ. ಹೌದು, ಕೆಲವು ಸಿಸ್ಟಂಗಳಲ್ಲಿ, ಅಂದರೆ ಕೆಲವು ಕಂಪನಿಗಳ ಇಂಪ್ಲಾಂಟ್ ಸಾಮಗ್ರಿಯಲ್ಲಿ, ಡ್ರಿಲ್ಲಿನ ಚೂಪು ತುದಿ ಬರೆದ ಅಳತೆಗಿಂತ ಒಂದು ಮಿಲಿಮೀಟರಿನಷ್ಟು ಮುಂದೆ ಹೋಗುತ್ತದೆ. ನರದ ಹತ್ತಿರ ಆ ಒಂದು ಮಿಲಿಮೀಟರ್ ತುಂಬ ದೊಡ್ಡದು. ಇದನ್ನು ಸ್ಲೈಡಿನಲ್ಲಿ ಎಷ್ಟು ಸಲ ತೋರಿಸಿದರೂ ಇಷ್ಟು ಆಳಕ್ಕೆ ಹೋಗುವುದಿಲ್ಲ.

ಮಾಡೆಲ್ ಮೇಲಿನ ಈ ಕೆಲಸ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಇರಲಿ ಎನ್ನುತ್ತೇನೆ, ಮುಂದೆ ಅವರು ಇಂಪ್ಲಾಂಟ್ ಹಾಕಲಿ ಬಿಡಲಿ. ಹಾಕುವುದು ಎಷ್ಟು ಸೂಕ್ಷ್ಮ ಎಂದು ಕೈಗೆ ಗೊತ್ತಾದವರು ರೋಗಿಯನ್ನು ತಜ್ಞರ ಹತ್ತಿರ ಕಳಿಸುವಾಗ ಸರಿಯಾದ ಪತ್ರ ಬರೆಯುತ್ತಾರೆ. ಆದರೆ ಪ್ರತಿಯೊಬ್ಬ ಪದವಿ ವಿದ್ಯಾರ್ಥಿಯೂ ರೋಗಿಗೆ ಇಷ್ಟು ಇಂಪ್ಲಾಂಟ್ ಹಾಕಿರಲೇಬೇಕು ಎಂಬ ಕೋಟಾಕ್ಕೆ ನನ್ನ ಒಪ್ಪಿಗೆ ಇಲ್ಲ. ಕೋಟಾ ಬಂದ ಕೂಡಲೇ ಕಣ್ಣು ಕೇಸ್ ಹುಡುಕಲು ಶುರು ಮಾಡುತ್ತದೆ. ಬ್ರಿಡ್ಜ್ ಸಾಕಾಗುವ ಬಾಯಿಯೂ ಇಂಪ್ಲಾಂಟ್ ಕೇಸ್ ಆಗಿ ಕಾಣುತ್ತದೆ. ಆಸಕ್ತಿ ಇದ್ದು, ಮಾಡೆಲ್ ಮೇಲೆ ಕೈ ಪಳಗಿದವರು ಸುಲಭದ ಒಂದು ಕೇಸನ್ನು ಹಿರಿಯರ ಜೊತೆ ಕೂತು ಮಾಡಲಿ, ಸಂತೋಷ. ಇದೇ ಕಾರಣಕ್ಕೆ ಸುಲಭ, ಮುಂದುವರಿದ, ಸಂಕೀರ್ಣ ಎಂದು ಕೇಸುಗಳನ್ನು ಮೂರಾಗಿ ವಿಂಗಡಿಸುವ ಪದ್ಧತಿಯನ್ನು ನಾನು ಬಿಡದೆ ಬಳಸುತ್ತೇನೆ. ನಗುವಾಗ ಒಸಡು ಕಾಣುವ ರೋಗಿಯ ಮೇಲಿನ ಮುಂಭಾಗದ ಒಂದೇ ಒಂದು ಹಲ್ಲು ಸುಲಭ ಎಂದು ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಅದು ಕಷ್ಟದ ಕೇಸುಗಳ ಸಾಲಿಗೆ ಸೇರುತ್ತದೆ ಎಂದು ಗೊತ್ತಾದಾಗ ಬೆರಗಾಗುತ್ತಾರೆ.

ರೋಗಿಯ ಜೊತೆಗಿನ ಕೆಲಸಕ್ಕೆ ನನ್ನ ಆಯ್ಕೆ ಮೆಕ್‌ಗಿಲ್‌ನಲ್ಲಿ ಹೇಳಿದ ಅದೇ ಎರಡು ಇಂಪ್ಲಾಂಟಿನ ಕೆಳಗಿನ ಸೆಟ್ಟು. ಇಂಪ್ಲಾಂಟ್ ಹಾಕುವುದು ಪಿಜಿಗಳು ಅಥವಾ ನಾವು, ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಸಹಾಯ ಮಾಡುತ್ತಾರೆ. ಅದರ ಮೇಲಿನ ಕೆಲಸವೆಲ್ಲ ವಿದ್ಯಾರ್ಥಿಯದೇ. ಸೆಟ್ಟು ಮಾಡುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ಹೊಸದು ಎಂದರೆ ಸೆಟ್ಟಿನ ಒಳಗೆ ಹಿಡಿತದ ಲೋಹದ ಬಟ್ಟಲುಗಳನ್ನು ಕೂರಿಸುವುದು. ಅಬಟ್‌ಮೆಂಟ್, ಅಂದರೆ ಇಂಪ್ಲಾಂಟ್ ಮೇಲೆ ಒಸಡಿನಿಂದ ಹೊರಗೆ ಕಾಣುವ ಗುಬುಟು, ಅದರ ಸುತ್ತ ಬಿಳಿ ರಬ್ಬರ್ ಬಳೆ ಹಾಕಿ, ಮೇಲೆ ಬಟ್ಟಲು ಕೂರಿಸಿ, ಸೆಟ್ಟಿನಲ್ಲಿ ಕೊರೆದ ಗುಳಿಗೆ ಅಕ್ರಿಲಿಕ್ ತುಂಬಿ, ರೋಗಿಗೆ ಮೆಲ್ಲಗೆ ಕಚ್ಚಿ ಹಿಡಿಯಲು ಹೇಳುವುದು. ಆ ಬಿಳಿ ಬಳೆ ಮರೆತರೆ ಅಕ್ರಿಲಿಕ್ ಅಬಟ್‌ಮೆಂಟಿನ ಕೆಳಕ್ಕೆ ಹರಿದು ಗಟ್ಟಿಯಾಗಿ, ಸೆಟ್ಟು ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ. ನಾನು ಪಕ್ಕದಲ್ಲೇ ನಿಂತು ಎರಡು ಬಳೆ ಕಾಣುವವರೆಗೆ ಪುಡಿ ಕಲಸಲು ಬಿಡುವುದಿಲ್ಲ.

ಒಬ್ಬ ವಿದ್ಯಾರ್ಥಿನಿಯ ರೋಗಿ, ವಯಸ್ಸಾದ ಒಬ್ಬ ಅಮ್ಮ, ಕೆಳಗಿನ ಸೆಟ್ಟು ನಿಲ್ಲದೆ ವರ್ಷಗಟ್ಟಲೆ ನಾಲಿಗೆಯಿಂದಲೇ ಅದನ್ನು ಒತ್ತಿ ಹಿಡಿದು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಬಟ್ಟಲು ಕೂರಿಸಿದ ದಿನ ಸೆಟ್ಟು ಟಕ್ ಎಂದು ಕೂತಿತು. ಅವರು ಮಾತು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ವಿದ್ಯಾರ್ಥಿನಿ ನಡುವೆ ಜಾಗ ಮಾಡಿಕೊಂಡು, "ಅಮ್ಮಾ, ಒಂದು ಮಾತು ಕೇಳಿ. ಇದನ್ನು ಬೆರಳಲ್ಲೇ ಒತ್ತಿ ಕೂರಿಸಬೇಕು, ಕಚ್ಚಿ ಕೂರಿಸಬೇಡಿ. ಹಾಗೆ ಮಾಡಿದರೆ ಒಳಗಿನ ಹಿಡಿತ ಬೇಗ ಸವೆದುಹೋಗುತ್ತೆ" ಎಂದಳು. ಆಮೇಲೆ ಕನ್ನಡಿ ಹಿಡಿದು, ಎರಡು ಅಬಟ್‌ಮೆಂಟ್ ಸುತ್ತ ಬ್ರಷ್ ಹೇಗೆ ತಿರುಗಿಸಬೇಕು ಎಂದು ಅವರ ಕೈಯಲ್ಲೇ ಮಾಡಿಸಿದಳು. ನನಗೆ ಅವತ್ತು ಹೇಳಿಕೊಡಲು ಏನೂ ಉಳಿದಿರಲಿಲ್ಲ. ತುಂಬ ಹೆಮ್ಮೆಯಾಯಿತು.

ಎಲ್ಲಕ್ಕಿಂತ ಕಡಿಮೆ ಕಲಿಸುವುದು, ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಹಾಕಿದ ಮೇಲಿನ ಆರೈಕೆ. ಇಂಪ್ಲಾಂಟ್ ಸುತ್ತ ಪ್ರೋಬ್, ಅಂದರೆ ಒಸಡಿನ ಆಳ ಅಳೆಯುವ ಸಣ್ಣ ಕಡ್ಡಿ, ಹಾಕಬಾರದು ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿ ಉಳಿದಿದೆ. ಹಾಕಲೇಬೇಕು, ಹಗುರವಾಗಿ, 0.25 ನ್ಯೂಟನ್‌ನಷ್ಟು ಬಲದಲ್ಲಿ. ಆ ಹಗುರ ಎಷ್ಟು ಎಂದು ತಿಳಿಯಲು ವಿದ್ಯಾರ್ಥಿಗಳು ಪ್ರೋಬನ್ನು ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಒತ್ತಿ ನೋಡುತ್ತಾರೆ. ಇಪ್ಪತ್ತೈದು ಗ್ರಾಂ ತೋರಿಸಬೇಕು. ಮೊದಲ ಸಲ ಎಲ್ಲರೂ ಅದಕ್ಕಿಂತ ಎಷ್ಟೋ ಜಾಸ್ತಿ ಒತ್ತುತ್ತಾರೆ.

2017ರ ಜಾಗತಿಕ ಕಾರ್ಯಾಗಾರ ಇಂಪ್ಲಾಂಟ್ ಸುತ್ತಲಿನ ಕಾಯಿಲೆಗಳ ವ್ಯಾಖ್ಯೆಗಳನ್ನು ಸ್ಪಷ್ಟ ಮಾಡಿಕೊಟ್ಟಿದೆ. ರಕ್ತ ಬರುತ್ತದೆ, ಆದರೆ ಮೂಳೆ ಮೊದಲು ಹೊಂದಿಕೊಂಡ ಮಟ್ಟದಲ್ಲೇ ಇದೆ ಎಂದರೆ ಮ್ಯೂಕೊಸೈಟಿಸ್. ಅದು ಮತ್ತೆ ಮೊದಲಿನಂತೆ ಸರಿಹೋಗಬಹುದಾದ ಹಂತ. ಉರಿಯೂತದ ಜೊತೆ ಮೂಳೆಯೂ ಕರಗುತ್ತಿದ್ದರೆ ಪೆರಿಇಂಪ್ಲಾಂಟೈಟಿಸ್. ಹಳೆಯ ಎಕ್ಸ್‌ರೇ ಇಲ್ಲದಿದ್ದರೆ ರಕ್ತ ಅಥವಾ ಕೀವಿನ ಜೊತೆ 6 ಮಿಲಿಮೀಟರ್ ಅಥವಾ ಹೆಚ್ಚಿನ ಆಳ, 3 ಮಿಲಿಮೀಟರ್ ಅಥವಾ ಹೆಚ್ಚು ಮೂಳೆ ನಷ್ಟ ಇದೆಯಾ ನೋಡಬೇಕು. ಹಳೆಯ ಎಕ್ಸ್‌ರೇ ಇದ್ದರೆ ಹೀಗೆ ಊಹೆಯ ಮೇಲೆ ಹೋಗಬೇಕಾಗಿಲ್ಲ. ಆದ್ದರಿಂದ ಕ್ಯಾಪ್ ಹಾಕಿದ ದಿನವೇ ಒಂದು ಎಕ್ಸ್‌ರೇ ತೆಗೆದು, ಆಳ ಅಳೆದು ಬರೆದಿಡುವುದು ನಮ್ಮ ಕೇಸ್ ಶೀಟಿನಲ್ಲಿ ತಪ್ಪಿಸುವಂತಿಲ್ಲದ ಕಾಲಂ. ಸಿಮೆಂಟ್ ಹಾಕಿ ಕೂರಿಸಿದ ಕ್ಯಾಪ್ ಆಗಿದ್ದರೆ, ಒಸಡಿನ ಕೆಳಗೆ ಉಳಿದ ಸಿಮೆಂಟೇ ಕಾಯಿಲೆಯ ಮೂಲ ಇರಬಹುದು ಎಂದು ಮೊದಲು ಅನುಮಾನಪಡುವುದನ್ನೂ ಕಲಿಸುತ್ತೇನೆ.

ಇನ್ನೊಂದು, ಅಲ್ಲಾಡುವ ಕ್ಯಾಪ್. "ಇಂಪ್ಲಾಂಟ್ ಫೇಲ್ ಆಗಿದೆ" ಎಂದು ವಿದ್ಯಾರ್ಥಿ ರೋಗಿಯ ಎದುರಿಗೇ ಹೇಳಿಬಿಟ್ಟರೆ ಆ ರೋಗಿ ಅವತ್ತು ನಿದ್ದೆ ಮಾಡುವುದಿಲ್ಲ. ಎಷ್ಟೋ ಸಲ ಒಳಗಿನ ಸ್ಕ್ರೂ ಸಡಿಲವಾಗಿರುತ್ತದೆ, ಇಂಪ್ಲಾಂಟ್ ಬಂಡೆಯ ಹಾಗೆ ಗಟ್ಟಿ ಇರುತ್ತದೆ. ಕ್ಯಾಪ್ ಬಿಚ್ಚಿ, ಸ್ಕ್ರೂ ನೋಡಿ, ಬೇಕಿದ್ದರೆ ಹೊಸದು ಹಾಕಿ, ಆ ಸಿಸ್ಟಂಗೆ ಹೇಳಿದಷ್ಟು ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದರೆ ಮುಗಿಯಿತು. ಆಮೇಲೆ ಯಾಕೆ ಸಡಿಲವಾಯಿತು ಎಂದು ಕಚ್ಚುವ ಭಾರ ನೋಡಬೇಕು, ಮತ್ತೆ ಅದೇ ಶಿಮ್‌ಸ್ಟಾಕ್ ಹಾಳೆ ಕೈಗೆ ಬರುತ್ತದೆ. ಕಷ್ಟ ಏನೆಂದರೆ ಯಾವ ಸಿಸ್ಟಂ ಎಂದೇ ಗೊತ್ತಿರುವುದಿಲ್ಲ. ಒಂದರ ಸ್ಕ್ರೂಡ್ರೈವರ್ ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೇ ಇಂಪ್ಲಾಂಟಿನ ಹೆಸರು, ಅಳತೆ, ಲಾಟ್ ನಂಬರ್ ಇರುವ ಚೀಟಿಯನ್ನು ರೋಗಿಯ ಕೈಗೆ ಕೊಡದೆ ನಮ್ಮಲ್ಲಿ ಯಾರನ್ನೂ ಕಳಿಸುವುದಿಲ್ಲ.

ಡಿಗ್ರಿ ಮುಗಿದ ಮೇಲೆ ಕಂಪನಿಗಳು ನಡೆಸುವ ಎರಡು ಮೂರು ದಿನದ ಕೋರ್ಸುಗಳಿಗೆ ನಮ್ಮ ಮಕ್ಕಳು ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ಅಲ್ಲಿ ಒಂದು ಸಿಸ್ಟಂ ಹೇಗೆ ಬಳಸುವುದು ಎಂದು ಕಲಿಸುತ್ತಾರೆ, ಯಾರಿಗೆ ಹಾಕಬಾರದು ಎಂದು ಕಲಿಸಲು ಅವರಿಗೆ ಸಮಯವೂ ಇರುವುದಿಲ್ಲ, ಅಷ್ಟು ಆಸಕ್ತಿಯೂ ಇರುವುದಿಲ್ಲ. ಅದು ಕಾಲೇಜಿನ ಕೆಲಸ. ನನ್ನ ಪರೀಕ್ಷೆಯಲ್ಲಿ ಹೀಗಾಗಿ ಒಂದು ಕೇಸಾದರೂ ಬೇಡ ಎನ್ನಬೇಕಾದದ್ದು ಇರುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಭಾಗವಾಗಿ ರಕ್ತನಾಳದ ಮೂಲಕ ಮೂಳೆಯ ಔಷಧಿ ತೆಗೆದುಕೊಳ್ಳುತ್ತಿರುವವರು, ಒಸಡಿನ ಕಾಯಿಲೆಗೆ ಇನ್ನೂ ಚಿಕಿತ್ಸೆಯೇ ಆಗದವರು, ಸಕ್ಕರೆ ಹತೋಟಿಯಲ್ಲಿಲ್ಲದವರು, ಸಿಗರೇಟು ಬಿಡದವರು. ವಿದ್ಯಾರ್ಥಿ ಬೇಡ ಅಂದರೆ ಸಾಲದು. ರೋಗಿಯ ಜಾಗದಲ್ಲಿ ನಾನು ಕೂರುತ್ತೇನೆ, ನನಗೆ ಬೇಜಾರಾಗದ ಹಾಗೆ ವಿವರಿಸಬೇಕು, ಈಗ ಏನು ಮಾಡಬಹುದು ಎಂದು ಹೇಳಬೇಕು, ಮುಂದೆ ಎಂದಾದರೂ ಆಗಬಹುದಾ ಎಂದೂ ಹೇಳಬೇಕು. ಡ್ರಿಲ್ಲಿಂಗಿಗಿಂತ ಇದಕ್ಕೆ ಜಾಸ್ತಿ ಮಾರ್ಕ್ಸ್.

ಸಿಲಬಸ್‌ನಲ್ಲಿ ಜಾಗ ಇಲ್ಲ ಎನ್ನುವವರಿಗೆ ನಾನು ಕೊಡುವ ಸಲಹೆ ಸರಳ. ಹೊಸ ಪೇಪರ್ ಬೇಡ. ದವಡೆಯ ಒಳಬದಿಯ ತಗ್ಗನ್ನು ಅನಾಟಮಿಯವರು ಈಗಲೇ ಕಲಿಸುತ್ತಾರೆ, ಅಲ್ಲೇ ಡ್ರಿಲ್ ತೋರಿಸಲಿ. ಪ್ರೋಬ್ ಹಿಡಿಯುವುದನ್ನು ಪೆರಿಯೊ (ಒಸಡಿನ) ವಿಭಾಗದವರು ಕಲಿಸುವಾಗ ಒಂದು ಇಂಪ್ಲಾಂಟ್ ರೋಗಿಯೂ ಇರಲಿ. ಹಲ್ಲು ಕೀಳುವ ಪೋಸ್ಟಿಂಗಿನಲ್ಲೇ ಹೊರಬದಿಯ ಮೂಳೆ ಉಳಿಸುವ ಮಾತು ಬರಲಿ. ಎಲ್ಲವೂ ಸೇರುವ ಜಾಗ ಮಾತ್ರ ಒಂದು ಬೇಕು, ವಾರಕ್ಕೊಮ್ಮೆ ಎಲ್ಲ ವಿಭಾಗದವರೂ ಒಂದೇ ಕೇಸಿನ ಮುಂದೆ ಕೂರುವ ಒಂದು ಗಂಟೆ.

ಮುಂದಿನ ಬ್ಯಾಚಿಗೆ ಒಂದು ಬದಲಾವಣೆ ಮಾಡುತ್ತಿದ್ದೇನೆ. ಮೊದಲ ದಿನ ಕ್ಲಾಸ್‌ರೂಮ್ ಇಲ್ಲ. ನೇರವಾಗಿ, ಹಿಂದೆ ಇಂಪ್ಲಾಂಟ್ ಹಾಕಿಸಿಕೊಂಡವರು ತಪಾಸಣೆಗೆ ಬರುವ ಕ್ಲಿನಿಕ್ಕಿಗೆ. ಕೈಯಲ್ಲಿ ಪ್ರೋಬ್, ಕನ್ನಡಿ, ಹಳೆಯ ಎಕ್ಸ್‌ರೇ, ಖಾಲಿ ಕೇಸ್ ಶೀಟ್. ಪ್ರತಿಯೊಬ್ಬರೂ ಒಬ್ಬ ರೋಗಿಯ ಹತ್ತಿರ ಕೂತು, ಯಾವಾಗ ಹಾಕಿಸಿದಿರಿ, ಹೇಗಿದೆ, ಹೇಗೆ ಉಜ್ಜುತ್ತೀರಿ ಎಂದು ಕೇಳಿ, ಅಳೆದು, ಬರೆದುಕೊಂಡು ಬರಲಿ. ಪ್ರಶ್ನೆಗಳು ಅಲ್ಲಿಂದ ಬರುತ್ತವೆ. ಮಾರನೇ ದಿನದಿಂದ ಆ ಪ್ರಶ್ನೆಗಳ ಕ್ರಮದಲ್ಲೇ ಪಾಠ ಮಾಡುವುದು ಎಂದುಕೊಂಡಿದ್ದೇನೆ. ಗರಗಸದ ಕೆಲಸವನ್ನೂ ಸ್ವಲ್ಪ ಮುಂಚೆ ತರುವ ಯೋಚನೆ ಇದೆ. ಹಿಂದಿನ ಬ್ಯಾಚುಗಳು ಕತ್ತರಿಸಿದ ಹೋಳುಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ, ಡ್ರಿಲ್ ಮುಟ್ಟುವ ಮೊದಲು ಅವುಗಳನ್ನು ಅಳೆದು, ಎಲ್ಲಿ ದಿಕ್ಕು ತಪ್ಪಿದೆ ಎಂದು ಅವರೇ ಹುಡುಕಲಿ. ಬೇರೆ ಕಾಲೇಜುಗಳಲ್ಲಿ ಹೀಗೆ ಮಾಡಿ ನೋಡಿದ ಶಿಕ್ಷಕರು ಯಾರಾದರೂ ಇದ್ದರೆ, ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರಿದ್ದರೆ ಈ ಮೊದಲ ದಿನದ ಕ್ಲಿನಿಕ್ ಸರಾಗವಾಗಿ ನಡೆಯುತ್ತದೆ ಎಂದು ದಯವಿಟ್ಟು ಬರೆದು ತಿಳಿಸಿ.